ಒಂದೇ ದೂರಕ್ಕೆ ಕಟ್ಟಿಹಾಕಿದ ಕಾಲುಗಳು

ಹದಿನಾಲ್ಕು ವರ್ಷದ ಮಗುವೊಂದು ಚೆನ್ನಾಗಿ ಓಡುತ್ತದೆ ಎಂದು ಗೊತ್ತಾದ ಕೂಡಲೇ ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ, 'ಯಾವ ಈವೆಂಟು?' 800 ಮೀಟರ್ ಅಂದರೆ ಅಲ್ಲಿಗೆ ಮುಗಿಯಿತು. ಆಮೇಲೆ ಆ ಮಗು 400ರ ಕಡೆ ತಿರುಗಿ ನೋಡುವಂತಿಲ್ಲ, 1500ಕ್ಕೆ ಆಸೆಪಡುವಂತಿಲ್ಲ. ಗುಡ್ಡಗಾಡು ಓಟಕ್ಕೆ ಹೋಗುತ್ತೇನೆ ಎಂದರೆ 'ಕಾಲಿನ ಸ್ಪೀಡೇ ಹೋಗುತ್ತೆ' ಎಂಬ ಎಚ್ಚರಿಕೆ. ಕೋಚ್ ಹೇಳಿದ್ದಕ್ಕೆ ಅಪ್ಪ ಅಮ್ಮ ತಲೆಯಾಡಿಸುತ್ತಾರೆ. ಹತ್ತು ಕಡೆ ಹತ್ತಡಿ ತೋಡುವ ಬದಲು ಒಂದೇ ಕಡೆ ನೂರಡಿ ತೋಡಿದರೆ ನೀರು ಸಿಗುತ್ತದೆ ಎಂಬ ಬಾವಿಯ ಮಾತೂ ಜೊತೆಗೆ ಬರುತ್ತದೆ.

ಆ ಮಾತು ಕೇಳುವುದಕ್ಕೆ ಚೆನ್ನ. ಮಧ್ಯಮ ದೂರದ ಓಟದ ಮಟ್ಟಿಗೆ ಮಾತ್ರ ಅದು ತಪ್ಪು. ಓಟಗಾರನೊಬ್ಬ ಎಷ್ಟು ಬೇರೆ ಬೇರೆ ದೂರಗಳಲ್ಲಿ ಒಳ್ಳೆಯ ಓಟ ಓಡಬಲ್ಲ ಎನ್ನುವುದನ್ನು ಇಲ್ಲಿ 'ಹರವು' ಎಂದು ಕರೆಯುತ್ತೇನೆ. ಹರವು ಒಂದು ಶೋಕಿಯಲ್ಲ. ಅದು ಎಳೆಯ ಓಟಗಾರರ ಮೂಲ ಬಂಡವಾಳ. ಅದನ್ನು ಹದಿನಾಲ್ಕು, ಹದಿನೈದನೇ ವಯಸ್ಸಿನಲ್ಲಿ ಕತ್ತರಿಸಿಹಾಕುವ ನಮ್ಮ ಪದ್ಧತಿ ಮಕ್ಕಳಿಗೂ ಅನ್ಯಾಯ, ದೇಶದ ಅಥ್ಲೆಟಿಕ್ಸ್‌ಗೂ ನಷ್ಟ.

ಈ ಕಾಲದ ಅತ್ಯಂತ ಸ್ಪಷ್ಟ ಸಾಕ್ಷಿಯನ್ನೇ ನೋಡೋಣ. ನಾರ್ವೆಯ ಜಾಕೊಬ್ ಇಂಗೆಬ್ರಿಗ್ಟ್‌ಸನ್ ಹುಟ್ಟಿದ್ದು 2000ದ ಸೆಪ್ಟೆಂಬರಿನಲ್ಲಿ. ಹದಿನಾರನೇ ವಯಸ್ಸಿನಲ್ಲಿ, 2017ರಲ್ಲಿ, ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದ. ನಮ್ಮ ಪದ್ಧತಿಯಲ್ಲಿ ಆವತ್ತೇ ಅವನ ಹಣೆಗೆ '1500' ಎಂದು ಚೀಟಿ ಅಂಟಿಸಿ ಬಿಡುತ್ತಿದ್ದರು. ಅವನು ಮಾಡಿದ್ದೇನು? ಅದೇ ವರ್ಷ 20 ವರ್ಷದೊಳಗಿನವರ ಯುರೋಪಿಯನ್ ಕೂಟದಲ್ಲಿ 5000 ಮೀಟರ್ ಗೆದ್ದ, 3000 ಮೀಟರ್ ಸ್ಟೀಪಲ್‌ಚೇಸ್ ಕೂಡ ಗೆದ್ದ. ಚಳಿಗಾಲ ಬಂದಾಗಲೆಲ್ಲ ಕೆಸರಿಗಿಳಿದು 2016ರಿಂದ 2019ರವರೆಗೆ ಯುರೋಪಿನ ಕಿರಿಯರ ಗುಡ್ಡಗಾಡು ಪ್ರಶಸ್ತಿಯನ್ನು ಸತತ ನಾಲ್ಕು ಸಲ ಮನೆಗೆ ಒಯ್ದ. 2018ರ ಜುಲೈನಲ್ಲಿ ಕಿರಿಯರ ವಿಶ್ವ ಕೂಟದಲ್ಲಿ ಅವನಿಗೆ ಸಿಕ್ಕಿದ್ದು 1500ರಲ್ಲಿ ಬೆಳ್ಳಿ, 5000ದಲ್ಲಿ ಕಂಚು. 'ನೋಡಿದೆಯಾ, ಎರಡು ದೋಣಿಯಲ್ಲಿ ಕಾಲಿಟ್ಟರೆ ಹೀಗೇ' ಎನ್ನಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ? ಆದರೆ ಮುಂದಿನ ತಿಂಗಳು ಬರ್ಲಿನ್‌ನ ಹಿರಿಯರ ಯುರೋಪಿಯನ್ ಕೂಟದಲ್ಲಿ ಹದಿನೇಳರ ಅದೇ ಹುಡುಗ ಇವತ್ತು 1500, ನಾಳೆ 5000 ಎಂದು ಎರಡು ದಿನದಲ್ಲಿ ಎರಡು ಚಿನ್ನ ಗೆದ್ದ.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ಅವನು ಅಷ್ಟು ಹರಡಿಕೊಳ್ಳದೆ ಇದ್ದಿದ್ದರೆ 1500ರಲ್ಲಿ ಇನ್ನೂ ಗೆಲ್ಲುತ್ತಿದ್ದ ಎನ್ನುವವರಿದ್ದಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 3:28.32ರ ಒಲಿಂಪಿಕ್ ದಾಖಲೆಯೊಡನೆ 1500 ಗೆದ್ದವನು, 2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬ್ರಿಟನ್ನಿನ ಜೇಕ್ ವೈಟ್‌ಮನ್‌ಗೆ ಸೋತ. 2023ರಲ್ಲಿ ಅದೇ ದೇಶದ ಜಾಶ್ ಕರ್‌ಗೆ ಸೋತ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವನಾದ. ಮೂರು ವರ್ಷ, ಮೂರು ದೊಡ್ಡ ಕೂಟ, ತನ್ನ ಮುಖ್ಯ ಓಟದಲ್ಲಿ ಮೂರು ಸೋಲು. ಸರಿ, ಈಗ ಉಳಿದರ್ಧ ಕೇಳಿ. ಆ ಮೂರೂ ಕೂಟಗಳಲ್ಲಿ ಕೆಲವೇ ದಿನಗಳ ನಂತರ ನಡೆದ 5000 ಮೀಟರನ್ನು ಗೆದ್ದವನು ಅವನೇ. ಒಂದೇ ದೂರವನ್ನು ನಂಬಿದ್ದರೆ 2022ರಿಂದ 2024ರವರೆಗಿನ ಜಾಗತಿಕ ಹೊರಾಂಗಣ ಕೂಟಗಳಲ್ಲಿ ಅವನ ಹೆಸರಿಗೆ ಒಂದು ಚಿನ್ನವೂ ಇರುತ್ತಿರಲಿಲ್ಲ. ಪ್ಯಾರಿಸ್ ಮುಗಿದ ಎರಡು ವಾರಕ್ಕೆ ಪೋಲೆಂಡಿನಲ್ಲಿ 3000 ಮೀಟರನ್ನು 7:17.55ರಲ್ಲಿ ಓಡಿ, ಡೇನಿಯಲ್ ಕೊಮೆನ್ 1996ರಲ್ಲಿ ಬರೆದಿದ್ದ ವಿಶ್ವ ದಾಖಲೆಯನ್ನು ಅಳಿಸಿದ. 3000 ಮೀಟರ್ ಒಲಿಂಪಿಕ್ಸ್‌ನಲ್ಲಿಲ್ಲ. 1500ರ ವೇಗವೂ 5000ದ ದಮ್ಮೂ ಎರಡೂ ಇದ್ದವರಿಗೆ ಒಲಿಯುವ ದೂರ ಅದು.

ಹರವಿಗೂ ಒಂದು ಅಂಚು ಇದೆ. ಜಾಕೊಬ್‌ನ 800 ಮೀಟರ್ ಸಮಯ 1:46.44. ನಮ್ಮ ಕೇರಳದ ಜಿನ್ಸನ್ ಜಾನ್ಸನ್ ಅದಕ್ಕಿಂತ ಬೇಗ ಓಡಿದ್ದಾರೆ. ಅತ್ತ 2024ರಲ್ಲಿ ಕೋಪನ್‌ಹೇಗನ್‌ನಲ್ಲಿ ಅರ್ಧ ಮ್ಯಾರಥಾನ್‌ಗೆ ಇಳಿದಾಗ ನಡುದಾರಿಯಲ್ಲೇ ಸುಸ್ತಾಗಿ ಕೊನೆಗೆ 63 ನಿಮಿಷ ದಾಟಿ ಮುಗಿಸಿದ. ಎಲ್ಲ ದೂರವೂ ಎಲ್ಲರಿಗೂ ಒಲಿಯುವುದಿಲ್ಲ. ಆದರೆ ಅಂಚು ಎಲ್ಲಿದೆ ಎಂದು ಅವನು ಓಡಿ ಕಂಡುಕೊಂಡ. ನಾವು ಮಕ್ಕಳನ್ನು ಓಡಿಸದೆಯೇ ಅಂಚು ಗೀಚುತ್ತೇವೆ.

ದೇಹದ ಲೆಕ್ಕವೂ ಇದೇ ಮಾತನ್ನು ಹೇಳುತ್ತದೆ. ಪೂರ್ತಿ ಜೋರಿನಲ್ಲಿ 400 ಓಡುವಾಗ ಬೇಕಾಗುವ ಶಕ್ತಿಯಲ್ಲಿ ಉಸಿರಿನ ಆಮ್ಲಜನಕದಿಂದ ಬರುವ ಪಾಲು ಸುಮಾರು ಶೇ 40ರ ಆಸುಪಾಸು. 800ರಲ್ಲಿ ಅದು ಸುಮಾರು ಶೇ 65, 1500ರಲ್ಲಿ ಶೇ 80ಕ್ಕೂ ಹೆಚ್ಚು. ಉಳಿದದ್ದು ಸ್ನಾಯು ತನ್ನೊಳಗೇ ಕೂಡಿಟ್ಟ ಶಕ್ತಿ. ಅಂದರೆ ಮಧ್ಯಮ ದೂರವೆಂಬುದೇ ಒಂದು ಬೆರಕೆ. ಯಾವ ಮಗುವಿನ ದೇಹದಲ್ಲಿ ಆ ಬೆರಕೆ ಯಾವ ಪ್ರಮಾಣಕ್ಕೆ ನಿಲ್ಲುತ್ತದೆ ಎಂಬುದು ಹದಿನಾಲ್ಕಕ್ಕೆ ಗೊತ್ತಾಗುವ ಸಂಗತಿಯಲ್ಲ. ಆ ವಯಸ್ಸಿನಲ್ಲಿ ಒಬ್ಬಳು ಆರು ತಿಂಗಳಲ್ಲಿ ಎತ್ತರ ಬೆಳೆದಿರುತ್ತಾಳೆ, ಇನ್ನೊಬ್ಬಳು ಎರಡು ವರ್ಷ ಬಿಟ್ಟು ಬೆಳೆಯುತ್ತಾಳೆ. ಬೇಗ ಬೆಳೆದವಳನ್ನು '400ರ ಹುಡುಗಿ' ಎಂದು ಗುರುತು ಹಾಕಿ, ತಡವಾಗಿ ಬೆಳೆಯುವವಳನ್ನು ಮನೆಗೆ ಕಳಿಸುವುದನ್ನು ನಾವು ಪ್ರತಿಭೆ ಹುಡುಕುವುದು ಎನ್ನುತ್ತೇವೆ.

ಇನ್ನೊಂದು ಸರಳ ಭಾಗಾಕಾರ. ಟೋಕಿಯೊದ ಆ 3:28.32 ಎಂದರೆ 400 ಮೀಟರಿನ ಪ್ರತಿ ಸುತ್ತಿಗೆ ಸರಾಸರಿ 55.5 ಸೆಕೆಂಡು, ಅದೂ ಮುಕ್ಕಾಲು ಕಡಿಮೆ ನಾಲ್ಕಲ್ಲ, ಕಾಲು ಕಡಿಮೆ ನಾಲ್ಕು ಸುತ್ತು. ಒಂದೇ ಸುತ್ತನ್ನು ಜೀವ ಬಿಟ್ಟು ಓಡಿದರೂ 54 ಸೆಕೆಂಡು ಹಿಡಿಯುವ ಹುಡುಗ ಆ ಓಟದಲ್ಲಿ ಎರಡನೇ ಸುತ್ತಿಗೇ ದಿವಾಳಿ. 400ರ ವೇಗ 1500ರವನಿಗೆ ಬ್ಯಾಂಕಿನಲ್ಲಿರುವ ಇಡುಗಂಟು. ಹಾಗೆಯೇ 800ರವರಿಗೆ ದೊಡ್ಡ ಕೂಟಗಳಲ್ಲಿ ಹೀಟ್ಸ್, ಸೆಮಿಫೈನಲ್, ಫೈನಲ್ ಎಂದು ಕೆಲವೇ ದಿನಗಳಲ್ಲಿ ಮೂರು ಸಲ ಓಡಬೇಕು. 1500ರ ದಮ್ಮು ಇಲ್ಲದವರು ಫೈನಲ್ ತಲುಪುವ ಹೊತ್ತಿಗೆ ಖಾಲಿಯಾಗಿರುತ್ತಾರೆ.

ಇದು ಹೊಸ ಜ್ಞಾನವೂ ಅಲ್ಲ. ನ್ಯೂಜಿಲೆಂಡಿನ ಪೀಟರ್ ಸ್ನೆಲ್ ಅವರನ್ನು ಕೋಚ್ ಆರ್ಥರ್ ಲಿಡಿಯಾರ್ಡ್ ವಾರಕ್ಕೆ ನೂರು ಮೈಲಿಯ ಲೆಕ್ಕದಲ್ಲಿ ಗುಡ್ಡಗಳಲ್ಲಿ ಓಡಿಸುತ್ತಿದ್ದರು. 1961ರ ಕೊನೆಗೆ ಮ್ಯಾರಥಾನ್ ಓಡಿದ ಸ್ನೆಲ್, 1962ರ ಜನವರಿಯಲ್ಲಿ ಮೈಲಿಯ ವಿಶ್ವ ದಾಖಲೆ ಮುರಿದರು, ಒಂದು ವಾರ ಬಿಟ್ಟು 800ರ ವಿಶ್ವ ದಾಖಲೆ ಮುರಿದರು. 1964ರ ಟೋಕಿಯೊದಲ್ಲಿ 800, 1500 ಎರಡೂ ಅವರದೇ. 1976ರ ಮಾಂಟ್ರಿಯಲ್‌ನಲ್ಲಿ ಕ್ಯೂಬಾದ ಅಲ್ಬರ್ಟೊ ಹ್ವಾಂತೊರೆನಾ 400ರ ಓಟಗಾರರಾಗಿದ್ದೂ 800ಕ್ಕೆ ಇಳಿದು 1:43.50ರ ವಿಶ್ವ ದಾಖಲೆಯೊಡನೆ ಗೆದ್ದರು, ಆಮೇಲೆ 400ನ್ನೂ ಗೆದ್ದರು. ಆ 800ರ ಫೈನಲ್‌ನಲ್ಲಿ ಮೊದಲ ಸುತ್ತಿನ ಗಂಟೆ ಬಾರಿಸಿದಾಗ ಎಲ್ಲರಿಗಿಂತ ಮುಂದಿದ್ದವರು ನಮ್ಮ ಶ್ರೀರಾಮ್ ಸಿಂಗ್. ಕೊನೆಗೆ ಏಳನೆಯವರಾಗಿ ಅವರು ಬರೆದ 1:45.77 ಭಾರತದ ದಾಖಲೆಯಾಗಿ 42 ವರ್ಷ ಕದಲಲಿಲ್ಲ. 2018ರಲ್ಲಿ ಅದನ್ನು ಮುರಿದವರು ಯಾರು? ಮೇಲೆ ಹೇಳಿದ ಜಿನ್ಸನ್ ಜಾನ್ಸನ್. ಅದೇ ವರ್ಷ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಅವರು 800ರಲ್ಲಿ ಬೆಳ್ಳಿ, 1500ರಲ್ಲಿ ಚಿನ್ನ ಪಡೆದರು.

2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ನೆನಪಿಸಿಕೊಳ್ಳಿ. ಬೀಡ್ ಜಿಲ್ಲೆಯ ಅವಿನಾಶ್ ಸಾಬ್ಳೆ ಸ್ಟೀಪಲ್‌ಚೇಸ್‌ನಲ್ಲಿ ಚಿನ್ನ, 5000ದಲ್ಲಿ ಬೆಳ್ಳಿ. ಪಾರುಲ್ ಚೌಧರಿ 5000ದಲ್ಲಿ ಚಿನ್ನ, ಸ್ಟೀಪಲ್‌ಚೇಸ್‌ನಲ್ಲಿ ಬೆಳ್ಳಿ. ಹರ್ಮಿಲನ್ ಬೈನ್ಸ್ 800ರಲ್ಲೂ ಬೆಳ್ಳಿ, 1500ರಲ್ಲೂ ಬೆಳ್ಳಿ. ಮೂವರು ಓಟಗಾರರು, ಆರು ಪದಕ. ಚಪ್ಪಾಳೆ ತಟ್ಟಿ ಹಾರ ಹಾಕಿದೆವು. ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋಗಿ ಮಕ್ಕಳಿಗೆ ಮತ್ತೆ ಹೇಳಿದ್ದು, 'ಒಂದೇ ಈವೆಂಟು ಹಿಡಿ'.

ಯಾಕೆ ಹೀಗೆ? ಕೋಚ್‌ಗಳು ದಡ್ಡರು ಎಂದಲ್ಲ. ನಮ್ಮಲ್ಲಿ ಓಟದ ಚಲಾವಣೆ ನಾಣ್ಯ ಸರ್ಟಿಫಿಕೇಟು. ಕಾಲೇಜಿನ ಸೀಟು, ರೈಲ್ವೆ, ಪೊಲೀಸ್, ಸೇನೆಯ ಕ್ರೀಡಾ ಕೋಟಾ ಎಲ್ಲವೂ ಕೇಳುವುದು ಯಾವ ಕೂಟ, ಯಾವ ಸ್ಪರ್ಧೆ, ಎಷ್ಟನೇ ಸ್ಥಾನ ಎಂದು. ಬಡ ಮನೆಯ ಹುಡುಗಿಗೆ ಈ ವರ್ಷದ ಮೂರನೇ ಸ್ಥಾನ ಐದು ವರ್ಷದ ನಂತರದ ದಾಖಲೆಗಿಂತ ದೊಡ್ಡದು. ಹೀಗಾಗಿ ಯಾವ ಓಟದಲ್ಲಿ ಪೈಪೋಟಿ ಕಡಿಮೆಯೋ ಅದಕ್ಕೆ ಮಗುವನ್ನು ಕಟ್ಟಿಹಾಕುವುದು ಅಪ್ಪ ಅಮ್ಮನಿಗೂ ಕೋಚ್‌ಗೂ ಜಾಣತನವಾಗಿ ಕಾಣುತ್ತದೆ. ತಪ್ಪು ಅವರ ಮೇಲಲ್ಲ, ಆ ಜಾಣತನವನ್ನು ಅನಿವಾರ್ಯ ಮಾಡಿದ ವ್ಯವಸ್ಥೆಯ ಮೇಲೆ. ಅಥ್ಲೆಟಿಕ್ಸ್ ಫೆಡರೇಶನ್‌ಗೆ ಇದು ಗೊತ್ತಿಲ್ಲ ಎನ್ನುವಂತೆಯೂ ಇಲ್ಲ. ಅಂತರ ಜಿಲ್ಲಾ ಕಿರಿಯರ ಕೂಟದಲ್ಲಿ 14 ವರ್ಷದೊಳಗಿನವರಿಗೆ ಓಟ, ಜಿಗಿತಗಳನ್ನು ಕೂಡಿಸಿ ಟ್ರಯಥ್ಲಾನ್ ಇಟ್ಟಿದ್ದಾರೆ. ಒಳ್ಳೆಯ ಕೆಲಸ. ಹದಿನಾಲ್ಕು ದಾಟಿದ ಕೂಡಲೇ ಆ ವಿವೇಕ ಯಾಕೆ ಮುಗಿದುಹೋಗಬೇಕು?

ಇಲ್ಲಿ ಒಂದು ಗೊಂದಲ ಬಗೆಹರಿಸಬೇಕು. ಶಾಲೆಗೆ 'ಸಮಗ್ರ ಪ್ರಶಸ್ತಿ' ಬರಲಿ ಎಂದು ಒಬ್ಬಳೇ ಹುಡುಗಿಯನ್ನು ಒಂದೇ ದಿನ 400, 800, 1500, ಜೊತೆಗೆ ರಿಲೇ ಓಡಿಸುವುದನ್ನು ನಾನು ಹರವು ಎನ್ನುತ್ತಿಲ್ಲ. ಅದು ಮಗುವಿನ ಬೆನ್ನ ಮೇಲೆ ಶಾಲೆಯ ಮೂಟೆ. ಹರವು ಎಂದರೆ ವರ್ಷದುದ್ದಕ್ಕೆ ಹಂಚಿಕೊಂಡ ಓಟಗಳು: ಚಳಿಗಾಲದಲ್ಲಿ ಗುಡ್ಡಗಾಡು, ಆಮೇಲೆ ಒಂದೆರಡು 400, ಒಂದೆರಡು 1500, ನಡುವೆ ಸಾಕಷ್ಟು ವಿಶ್ರಾಂತಿ. ಹಾಗೆಯೇ ಜಾಕೊಬ್‌ನ ಓಟವನ್ನು ಮೆಚ್ಚಿದರೆ ಅವನ ಮನೆಯ ಪದ್ಧತಿಯನ್ನು ಮೆಚ್ಚಬೇಕೆಂದಿಲ್ಲ. ಕೋಚ್ ಆಗಿದ್ದ ತಂದೆ ಹಿಂಸೆ ಮತ್ತು ಬೆದರಿಕೆಯಿಂದ ಬೆಳೆಸಿದರೆಂದು ಮೂವರು ಅಣ್ಣತಮ್ಮಂದಿರು 2023ರಲ್ಲಿ ಬಹಿರಂಗವಾಗಿ ಹೇಳಿದರು. 2025ರಲ್ಲಿ ನ್ಯಾಯಾಲಯ ಮಗಳ ಮೇಲಿನ ಹಲ್ಲೆಯ ಒಂದು ಆರೋಪದಲ್ಲಿ ತಂದೆಯನ್ನು ತಪ್ಪಿತಸ್ಥನೆಂದಿತು, ಜಾಕೊಬ್‌ಗೆ ಸಂಬಂಧಿಸಿದ ಆರೋಪಗಳಿಂದ ಬಿಡುಗಡೆ ಮಾಡಿತು. ಮಗನ ದೂರಗಳಿಂದ ಕಲಿಯೋಣ, ಅಪ್ಪನ ಕೋಲಿನಿಂದ ಬೇಡ.

ದೂರಗಳ ವಿಷಯದಲ್ಲಿ ನಮಗಿರುವ ಮಂಕು ಎಷ್ಟೆಂಬುದು 2020ರಲ್ಲಿ ದೇಶಕ್ಕೇ ಗೊತ್ತಾಯಿತು. ಕಂಬಳದ ಓಟಗಾರ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ, ಯಾರೋ ಭಾಗಿಸಿ 100 ಮೀಟರಿಗೆ 9.55 ಎಂದರು. ಬೋಲ್ಟ್‌ಗಿಂತ ವೇಗ ಎಂದು ದೆಹಲಿಯವರೆಗೆ ಗದ್ದಲವಾಯಿತು. ಕಂಬಳ ಬೇರೆ, ಟ್ರ್ಯಾಕ್ ಬೇರೆ ಎಂದು ತಿಳಿಹೇಳಿ ಟ್ರಯಲ್ಸ್‌ಗೆ ಹೋಗದೆ ಉಳಿದವರು ಅವರೊಬ್ಬರೇ. ಓಟದ ಬಗ್ಗೆ ಆ ವಾರ ಸರಿಯಾಗಿ ಮಾತಾಡಿದವರೂ ಅವರೇ. ಪ್ರತಿ ದೂರವೂ ಬೇರೆ ವಿದ್ಯೆ. ಒಂದರ ಅಂಕಿಯನ್ನು ಭಾಗಿಸಿ ಇನ್ನೊಂದನ್ನು ಊಹಿಸಲಾಗದು, ಓಡಿಯೇ ಕಲಿಯಬೇಕು. ಹಾಗಿರುವಾಗ ಕಲಿಯುವ ವಯಸ್ಸಿನಲ್ಲೇ ಓಡಬೇಡ ಎನ್ನುವುದು ಯಾವ ನ್ಯಾಯ?

ಕೇಳಬೇಕಾದ್ದು ತುಂಬಾ ಏನಿಲ್ಲ. 18 ವರ್ಷದೊಳಗಿನವರ ಆಯ್ಕೆಯಲ್ಲಿ ಕನಿಷ್ಠ ಎರಡು ದೂರಗಳ ಸಮಯ ನೋಡಲಿ. ಬೇರೆ ಬೇರೆ ಸ್ಪರ್ಧೆಗಳ ಸಾಧನೆಯನ್ನು ಅಂಕಗಳಲ್ಲಿ ಹೋಲಿಸುವ ಕೋಷ್ಟಕಗಳನ್ನು ವರ್ಲ್ಡ್ ಅಥ್ಲೆಟಿಕ್ಸ್ ಈಗಾಗಲೇ ಮಾಡಿಟ್ಟಿದೆ, ಕ್ರೀಡಾ ಕೋಟಾಕ್ಕೆ ಅದನ್ನು ಬಳಸಲಿ. ಕಿರಿಯರ ಕೂಟಗಳ ವೇಳಾಪಟ್ಟಿಯಲ್ಲಿ 400 ಮತ್ತು 800, 800 ಮತ್ತು 1500 ಒಂದರ ಮೇಲೊಂದು ಬೀಳದಿರಲಿ, ಒಬ್ಬ ಮಗು ದಿನಕ್ಕೆ ಎಷ್ಟು ಓಡಬಹುದೆಂಬುದಕ್ಕೆ ಮಿತಿ ಇರಲಿ. ಇದಕ್ಕೆ ಹೊಸ ಸ್ಟೇಡಿಯಂ ಬೇಡ, ಕೋಟಿಗಳ ಯೋಜನೆ ಬೇಡ.

ಒಂದೇ ದೂರಕ್ಕೆ ನಿಲ್ಲುವ ಕಾಲ ಬಂದೇ ಬರುತ್ತದೆ. 1:40.91ರಲ್ಲಿ 800 ಓಡಿದ ಕೀನ್ಯಾದ ಡೇವಿಡ್ ರುಡಿಷಾ ಕೂಡ ಕೊನೆಗೆ ಒಂದೇ ದೂರದ ರಾಜರಾದರು. ಆದರೆ ಅವರು ಶುರುಮಾಡಿದ್ದು 400ರಿಂದ. ಬೇರೆಯದನ್ನೂ ಓಡಿ ನೋಡಿದವರಿಗೆ ಮಾತ್ರ ಅಂಥ ಆಯ್ಕೆ ನಿಜವಾದ ಆಯ್ಕೆ.

ಈ ಬರಹ ಓದುತ್ತಿರುವ ನಿಮ್ಮಲ್ಲಿ ಕೆಲವರ ಮಕ್ಕಳು ಪುಣೆಯ ಬಾಲೇವಾಡಿಯಲ್ಲೋ, ಹೈದರಾಬಾದಿನ ಗಚ್ಚಿಬೌಲಿಯಲ್ಲೋ, ಚೆನ್ನೈ, ದೆಹಲಿಯ ನೆಹರೂ ಸ್ಟೇಡಿಯಂಗಳಲ್ಲೋ ಬೆಳಿಗ್ಗೆ ಓಡುತ್ತಿರಬಹುದು. ಕೋಚ್ ಬಾವಿಯ ಮಾತು ತೆಗೆದರೆ, ನಮ್ಮ ಕಡೆಯ ರಾಗಿ ಹೊಲದ ಮಾತು ಹೇಳಿ. ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುವ ರೈತ ರಾಗಿಯನ್ನು ಮರೆತವನಲ್ಲ. ಮಳೆ ಯಾವುದರ ಕೈ ಹಿಡಿಯುತ್ತದೋ ಬಿತ್ತುವ ದಿನ ಯಾರಿಗೂ ಗೊತ್ತಿರುವುದಿಲ್ಲ ಎಂದು ಬಲ್ಲವನು. ಹದಿನಾಲ್ಕು ಎಂದರೆ ಇನ್ನೂ ಬಿತ್ತನೆಯ ಹೊತ್ತು. 'ಯಾವ ಈವೆಂಟು?' ಎಂದು ಮುಂದಿನ ಸಲ ಯಾರಾದರೂ ಕೇಳಿದರೆ, 'ಓಟ' ಎಂದಷ್ಟೇ ಹೇಳಲಿ ಮಗು.