ಗಾಳದ ದಾರದ ಜೋಪಾನ

ಸಂಸ್ಕೃತದಲ್ಲಿ ‘ಗುಣ’ವೆಂಬ ಶಬ್ದಕ್ಕೆ ಸದ್ಗುಣವೆಂದೂ ದಾರವೆಂದೂ ಎರಡರ್ಥಗಳುಂಟು. ನಿತ್ಯದ ಜೋಪಾನವಿಲ್ಲದಿದ್ದರೆ ಎರಡೂ ಕೆಡತಕ್ಕವುಗಳೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯು ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರುಂಡು ಬದುಕುವ ಸೀಮೆ. ಇಲ್ಲಿ ಗಾಳದ ಕೋಲಿರುವ ಮನೆಗಳಿಗೆ ಕೊರತೆಯಿಲ್ಲ. ಆದಕಾರಣ ಈ ತಿಂಗಳು ಆ ಕೋಲಿನ ದಾರದ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಈ ವಿಷಯವು ಕ್ಷುದ್ರವೆಂದು ಯಾರೂ ಭಾವಿಸಲಾಗದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ರಾಜ್ಯಪಾಲನೆಯ ವಿಚಾರದೊಡನೆ ‘ಮತ್ಸ್ಯವಿನೋದ’ಕ್ಕೂ ಸ್ಥಳ ದೊರೆತಿರುವುದು.

ಪೂರ್ವದಲ್ಲಿ ದಾರವು ಹತ್ತಿಯಿಂದಲೋ ನಾರಿನಿಂದಲೋ ಆಗುತ್ತಿತ್ತು. ಕೃತ್ರಿಮವಾದ ನೊಣವನ್ನು ಕಟ್ಟಿ ಮೀನು ಹಿಡಿಯುವ ಪಾಶ್ಚಾತ್ಯರು ರೇಷ್ಮೆಯ ದಾರವನ್ನು ಬಳಸುತ್ತಿದ್ದರು. ತೇಲಲೆಂದು ಅದಕ್ಕೆ ಜಿಡ್ಡು ಸವರುತ್ತಿದ್ದರು. ನೆನೆದ ದಾರವನ್ನು ಬಿಚ್ಚಿ ಒಣಗಿಸದಿದ್ದರೆ ಅದು ಕೊಳೆತುಹೋಗುತ್ತಿತ್ತು. 1938ರಲ್ಲಿ ಅಮೇರಿಕದಲ್ಲಿ ನೈಲಾನ್ ಪ್ರಕಟವಾದ ಮೇಲೆ ಈ ಕಥೆ ಬದಲಾಯಿತು. ಪೇಟೆಯಲ್ಲಿ ‘ತಂಗೂಸಿ’ ಎಂಬ ಹೆಸರಿನಿಂದ ದೊರೆಯುವ ನೈಲಾನ್ ದಾರವು ಕೊಳೆಯುವುದಿಲ್ಲ. ಆದರೆ ಬಲಗುಂದದೆ ಇರುವುದಿಲ್ಲ. ಬಿಸಿಲು, ಮರಳು, ಕೆಟ್ಟ ಗಂಟು ಈ ಮೂರೂ ಅದರ ಶತ್ರುಗಳು.

ಆಚರಿಸತಕ್ಕ ಕ್ರಮವಿದು:

1. ಮನೆಗೆ ಬಂದೊಡನೆ ದಾರವನ್ನು ತಿಳಿನೀರಿನಲ್ಲಿ ಅದ್ದಿ, ಮೆತ್ತನೆಯ ಅರಿವೆಯ ನಡುವೆ ಎಳೆದು, ಮರಳನ್ನು ತೆಗೆಯಬೇಕು.

2. ನೆರಳಿನಲ್ಲಿ ಒಣಗಿಸಿ, ಅಗಲವಾದ ಉರುಳೆಗೆ ಸಡಿಲವಾಗಿ ಸುತ್ತಬೇಕು. ಕಿರಿದಾದ ಕಡ್ಡಿಗೆ ಬಿಗಿದು ಸುತ್ತಿದರೆ ದಾರವು ಸುರುಳಿಯಾಗಿಯೇ ನಿಲ್ಲುವುದು.

3. ಬಿಸಿಲು ಬೀಳುವ ಕಿಟಕಿಯಲ್ಲಿಡದೆ, ಡಬ್ಬಿಯೊಳಗೆ ತಂಪಾದೆಡೆಯಲ್ಲಿಡಬೇಕು.

4. ಗಾಳದ ಬದಿಯ ಒಂದೆರಡು ಮಾರು ದಾರವನ್ನು ಬೆರಳುಗಳ ನಡುವೆ ಆಗಾಗ ಎಳೆದು ನೋಡಬೇಕು; ಒರಟು ತಗುಲಿದರೆ ಆ ಭಾಗವನ್ನು ಕತ್ತರಿಸತಕ್ಕದ್ದು.

5. ಗಂಟನ್ನು ನೀರಿನಿಂದ ಒದ್ದೆಮಾಡಿ ಮೆಲ್ಲನೆ ಬಿಗಿಯಬೇಕು. ಒಣಗಂಟನ್ನು ಜಗ್ಗಿದರೆ ತಿಕ್ಕಾಟದ ಕಾವಿನಿಂದ ದಾರವು ಅಲ್ಲಿಯೇ ಸೋಲುವುದು.

ನೊಣದ ಗಾಳಕ್ಕೆ ಈಗ ಬಳಸುವ ಪ್ಲಾಸ್ಟಿಕ್ ಲೇಪದ ದಪ್ಪ ದಾರವನ್ನು ಮೃದುವಾದ ಸಾಬೂನು ಬೆರೆಸಿದ ಉಗುರುಬೆಚ್ಚನೆಯ ನೀರಿನಿಂದ ತೊಳೆಯತಕ್ಕದ್ದು. ಸೊಳ್ಳೆಗಳಿಗಾಗಿ ಹಚ್ಚಿಕೊಂಡ ತೈಲವು ಅದಕ್ಕೆ ತಗುಲಬಾರದು, ಲೇಪವು ಕೆಡುವುದು.

ಇನ್ನು ಮುಖ್ಯವಾದ ಮಾತು. ಹಿಂದೆ ದಾರವನ್ನು ಉಪೇಕ್ಷಿಸಿದರೆ ದಾರದೊಡೆಯನಿಗೆ ಮಾತ್ರ ನಷ್ಟ. ಎಸೆದ ತುಂಡು ಮಣ್ಣಾಗುತ್ತಿತ್ತು. ಈಗಿನ ತುಂಡು ಬಹು ವರ್ಷಗಳವರೆಗೆ ಮಣ್ಣಾಗದು. ಕುಡಚಿಯ ದಡದಲ್ಲಿ ಬಿಟ್ಟದ್ದು ಕೃಷ್ಣೆಯ ಪ್ರವಾಹದೊಡನೆ ಯಾವ ಊರ ಹೊಲವನ್ನು ಸೇರುವುದೋ ಬಲ್ಲವರಾರು? ಅದು ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಚ್ಚುವವರಿಲ್ಲ. ಹುಲ್ಲಿನೊಡನೆ ಆಕಳ ಹೊಟ್ಟೆ ಸೇರಿದರೆ ಕರಗುವುದಿಲ್ಲ. ಗಾಳಸಮೇತ ಬಿದ್ದಿದ್ದರೆ ನೀರಾಟಕ್ಕಿಳಿದ ಮಗುವಿನ ಅಂಗಾಲೇ ಅದಕ್ಕೆ ಮೀನು.

ಆದುದರಿಂದ ಗೃಹಸ್ಥರು ತಮ್ಮ ಹುಡುಗರ ಚೀಲದಲ್ಲಿ ಎರೆಯ ಡಬ್ಬಿಯ ಜೊತೆಗೆ ಬರಿದಾದ ಇನ್ನೊಂದು ಡಬ್ಬಿಯನ್ನೂ ಇಡತಕ್ಕದ್ದು. ಕಡಿದ ದಾರವೆಲ್ಲವೂ ಅದರೊಳಗೆ ಮನೆಗೆ ಬರಲಿ. ಸುಡದೆ, ಗೇಣಿಗಿಂತ ಚಿಕ್ಕದಾಗಿ ಕತ್ತರಿಸಿ, ಕಾಗದದಲ್ಲಿ ಕಟ್ಟಿ ಕಸದ ಗಾಡಿಗೆ ಹಾಕಲಿ. ಸಂಜೆ ಮಗನು ಮರಳಿದಾಗ ಎಷ್ಟು ಮೀನು ತಂದೆಯೆಂದು ಕೇಳುವ ತಂದೆತಾಯಿಗಳು ಆ ಎರಡನೆಯ ಡಬ್ಬಿಯನ್ನೂ ತೆರೆದು ನೋಡಬೇಕೆಂದು ನಮ್ಮ ಬಿನ್ನಹ.