ಹಳೆ ಗಿರಣಿಯ ಬೀರು, ಬನವಾಸಿಯ ಅನಾನಸು

ಮುಂಬಯಿಯ ಲೋವರ್ ಪರೇಲ್‌ಗೆ ಹೋದಾಗಲೆಲ್ಲ ನಮ್ಮ ಕರಾವಳಿಯವರಿಗೆ ಒಂದು ಬಗೆಯ ಇರಿಸುಮುರಿಸು. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರು ಹೇಳುತ್ತಿದ್ದ ಗಿರಣಿಯ ಭೋಂಗಾ ಈಗ ಅಲ್ಲಿ ಕೇಳಿಸುವುದಿಲ್ಲ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆ ಬಳಿಕ ಅನೇಕ ಗಿರಣಿಗಳು ಚೇತರಿಸಿಕೊಳ್ಳಲೇ ಇಲ್ಲ. ಅವುಗಳ ಆವರಣಗಳಲ್ಲಿ ಇಂದು ಕಚೇರಿ, ಹೋಟೇಲು, ಮಾಲ್‌ಗಳು. ಮಥುರಾದಾಸ್ ಮಿಲ್ ಆವರಣದಲ್ಲಂತೂ ಅಲ್ಲೇ ಬೀರು ತಯಾರಿಸಿ ಅಲ್ಲೇ ಬಡಿಸುವ ಪಬ್ ಕೂಡ ಬಂತು. ಹತ್ತಿ ನೂಲುತ್ತಿದ್ದ ಕಡೆ ಬಾರ್ಲಿ ಕುದಿಯುತ್ತಿದೆ.

ಹಳೆಯ ಕಟ್ಟಡವನ್ನು ಕೆಡವದೆ ಬಳಸುವುದು ಒಳ್ಳೆಯದೇ. ಆದರೆ 2017ರ ಡಿಸೆಂಬರ್ 29ರ ನಡುರಾತ್ರಿ ಕಮಲಾ ಮಿಲ್ಸ್ ಆವರಣದ ಪಬ್‌ಗಳಲ್ಲಿ ಬೆಂಕಿ ಹತ್ತಿ 14 ಮಂದಿ ಸತ್ತದ್ದನ್ನು ಮರೆಯಲಾಗದು. ಗೋಡೆಯ ಅಂದ ನೋಡುವ ಮೊದಲು ಹೊರಬರುವ ಬಾಗಿಲು ಎಲ್ಲಿದೆ ಎಂದು ನೋಡಬೇಕಾಗಿದೆ.

ಇಂಥದ್ದೊಂದು ಶಿರಸಿ, ಬನವಾಸಿ ಕಡೆಗೂ ಬಂದರೆ ಹೇಗೆ ಎಂದು ಕೇಳುವವರಿದ್ದಾರೆ. ಹಳೆಯ ಹೆಂಚಿನ ಗೋದಾಮುಗಳಿಗೆ ಮಲೆನಾಡಿನಲ್ಲಿ ಬರವಿಲ್ಲ. ಪ್ರವಾಸಿಗರೂ ಬರುತ್ತಾರೆ. ಬೀರಿಗೆ ಬೇಕಾದ ಬಾರ್ಲಿ ಮಾತ್ರ ಇಲ್ಲಿ ಬೆಳೆಯುವುದಿಲ್ಲ, ಉತ್ತರ ಭಾರತದಿಂದ ತರಿಸಬೇಕು. ಹಾಗಾದರೆ ಇಲ್ಲಿನ ರೈತನಿಗೆ ಸಿಗುವುದೇನು? ಬಹುಶಃ ಕಾವಲುಗಾರನ ಕೆಲಸ.

ಹಣ್ಣಿನ ವಿಚಾರ ಬೇರೆ. ಸೈಡರ್ ಎಂದರೆ ಸೇಬಿನ ರಸವನ್ನು ಹುಳಿಯಿಸಿ ಮಾಡುವ ಪಾನೀಯ. ಅದರಲ್ಲಿ ಮದ್ಯಾಂಶ ಸಾಮಾನ್ಯವಾಗಿ ಶೇ. 4ರಿಂದ 8. ನಮ್ಮಲ್ಲಿ ಸೇಬಿಲ್ಲ, ಅನಾನಸಿದೆ. ರಸದಲ್ಲಿರುವ ಸಕ್ಕರೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಯೀಸ್ಟ್ ಮದ್ಯವಾಗಿ ಮಾರ್ಪಡಿಸುತ್ತದೆ. ಸಿಹಿ ಅನಾನಸಿಗೂ ಅದೇ ಲೆಕ್ಕ. ಮೆಕ್ಸಿಕೊದವರು ಅನಾನಸಿನ ಸಿಪ್ಪೆಯಿಂದಲೇ 'ತೆಪಾಚೆ' ಎಂಬ ಲಘು ಪಾನೀಯ ಮಾಡುತ್ತಾರೆ. ನಾವು ಸಿಪ್ಪೆಯನ್ನು ದನಕ್ಕೆ ಹಾಕುತ್ತೇವೆ!

ಬನವಾಸಿಯ ಬೆಳೆಗಾರರ ಕಷ್ಟ ಗೊತ್ತಿದ್ದವರು ಈ ಮಾತನ್ನು ತಮಾಷೆಯೆಂದು ತಳ್ಳಿಹಾಕಲಾರರು. ಸಸಿ ನೆಟ್ಟು ಹಣ್ಣು ಕೈಗೆ ಬರಲು ಒಂದೂವರೆ ವರ್ಷದಷ್ಟು ಕಾಯಬೇಕು. ಮಾಗಿದ ಮೇಲೆ ಕೆಲವೇ ದಿನ. ಹಣ್ಣಿನ ಬಹುಪಾಲು ಲಾರಿಯೇರಿ ದೆಹಲಿ ಮತ್ತಿತರ ದೂರದ ಪೇಟೆಗಳಿಗೆ ಹೋಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಲಾರಿಗಳು ನಿಂತಾಗ ಹಣ್ಣು ಹೊಲದಲ್ಲೇ ಕೊಳೆಯಿತು. ಗುತ್ತಿಗೆ ಜಮೀನಿನಲ್ಲಿ ಸಾಲ ಮಾಡಿ ಬೆಳೆದವರ ಪಾಡೇನಾಗಿರಬೇಕು?

ನೆರೆಯ ಗೋವಾದಲ್ಲಿ ಗೇರುಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಿ ದೊರೆಯಿತು. ಕೇರಳ 2022ರಲ್ಲಿ ಹಣ್ಣುಗಳಿಂದ ಸಣ್ಣ ಪ್ರಮಾಣದಲ್ಲಿ ವೈನ್ ತಯಾರಿಸಲು ನಿಯಮ ರೂಪಿಸಿತು. ಕಣ್ಣೂರಿನ ಪಯ್ಯಾವೂರಿನಲ್ಲಿ ಫೆನಿ ತಯಾರಿಗೆ ಮುಂದೆ ಬಂದದ್ದು ಒಂದು ಸಹಕಾರಿ ಬ್ಯಾಂಕು. ಇದು ಗಮನಿಸಬೇಕಾದ ವಿಷಯ. ಶಿರಸಿಗೂ ಸಹಕಾರ ಹೊಸದಲ್ಲ, ತೋಟಗಾರರ ಟಿ.ಎಸ್.ಎಸ್. 1923ರಲ್ಲೇ ಹುಟ್ಟಿದೆ.

ಕ್ರಿಸ್‌ಮಸ್ ಹತ್ತಿರ ಬಂದಾಗ ಭರಣಿಯಲ್ಲಿ ದ್ರಾಕ್ಷಿಯನ್ನೋ ಅನಾನಸನ್ನೋ ಹಾಕಿಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಕಾನೂನಿನಂತೆ ಅಪರಾಧ ಎಂಬುದು ಆಗ ಯಾರಿಗೂ ನೆನಪಾಗುವುದಿಲ್ಲ. ಅಂದ ಹಾಗೆ, ಅನಾನಸಿನ ವೈನ್ ಎಷ್ಟೇ ಚೆನ್ನಾಗಿದ್ದರೂ ಬಲಿಪೂಜೆಗೆ ಸಲ್ಲದು. ಧರ್ಮಸಭೆಯ ಕಾನೂನಿನ 924ನೇ ವಿಧಿಯಂತೆ ಅದು ದ್ರಾಕ್ಷಿಯದ್ದೇ ಆಗಿರಬೇಕು.

ಇನ್ನೊಂದು ಮುಖವನ್ನೂ ಹೇಳಲೇಬೇಕು. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ಎಷ್ಟೋ ತಾಯಂದಿರು ನಿಟ್ಟುಸಿರು ಬಿಟ್ಟರು. ಕುಡಿತ ಮಾತ್ರ ನಿಲ್ಲಲಿಲ್ಲ, ಬಾಟಲಿ ಬದಲಾಯಿತು. ಅನಾನಸು ಕೊಯ್ಯುವ ಕೂಲಿಯ ಸಂಬಳ ವಾರದ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ವಿನ್ಸೆಂಟ್ ದೆ ಪಾವ್ಲ್ ಸಭೆಯಲ್ಲಿ ದುಡಿಯುವವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಪ್ರವಾಸಿ ಕುಡಿದು ಕಾರು ಹತ್ತಿ ಹೋಗುತ್ತಾನೆ, ಅಂಗಡಿ ಊರಿನಲ್ಲೇ ಉಳಿಯುತ್ತದೆ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಮೊದಲು ರಸ, ಜಾಮ್, ಡಬ್ಬಿಯ ಹಣ್ಣು, ಒಣ ಹಣ್ಣು. ಇವಕ್ಕೆ ಸಾಕಷ್ಟು ಘಟಕಗಳು ಬರಲಿ. ವೈನ್ ಬರುವುದಾದರೆ ಬೆಳೆಗಾರರ ಸಂಘದ ಒಡೆತನದಲ್ಲಿ, ಹೊರಗಿನ ಮಾರುಕಟ್ಟೆಗಾಗಿ ಬರಲಿ. ಹಳೆಯ ಗೋದಾಮಿಗೆ ಬಣ್ಣ ಬಳಿದು ದೀಪ ತೂಗುಹಾಕುವ ಯೋಜನೆ ಹಿಡಿದು ಯಾರಾದರೂ ಗ್ರಾಮಸಭೆಗೆ ಬಂದರೆ, ಕಿಲೋ ಅನಾನಸಿಗೆ ಎಷ್ಟು ಕೊಡುತ್ತೀರಿ, ಸುಗ್ಗಿಯಲ್ಲಿ ದರ ಬಿದ್ದಾಗಲೂ ಅಷ್ಟನ್ನೇ ಕೊಡುತ್ತೀರಾ ಎಂದು ಮೊದಲು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.