ಆರ್ಟ್ಸ್ ಓದಿದವರಿಗೆ ಕೋಡಿಂಗ್ ಬರಲ್ವಾ?

ಆರ್ಟ್ಸ್ ಓದಿದವರ ತಲೆಗೆ ಕೋಡಿಂಗ್ ಹತ್ತಲ್ಲ ಅನ್ನೋ ಮಾತನ್ನ ನಮ್ಮ ಸಾಫ್ಟ್‌ವೇರ್ ಮಂದಿ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದೆ. ನಾನೂ ಬಿ.ಇ. ಮಾಡಿದವನೇ. ಅದಕ್ಕೇ ಹೇಳ್ತಿದೀನಿ, ಇದು ಶುದ್ಧ ಸುಳ್ಳು.

ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಅಕ್ಷರ ದೀರ್ಘವಾಗಿದ್ದರೆ ಗುರು. ಅನುಸ್ವಾರ, ವಿಸರ್ಗ ಇದ್ದರೂ, ಮುಂದೆ ಒತ್ತಕ್ಷರ ಬಂದರೂ ಗುರು. ಇಲ್ಲದಿದ್ದರೆ ಲಘು. ಇದು ಇಫ್-ಎಲ್ಸ್ ಅಲ್ಲದೆ ಇನ್ನೇನ್ರಿ? ಸೇಡಂ ತಾಲ್ಲೂಕಿನ ನಮ್ಮ ಆಡಕಿಯನ್ನೇ ತಗೊಳ್ಳಿ: ಗುರು, ಲಘು, ಲಘು. ಭಗಣ! ಗುರುವಿಗೆ 1, ಲಘುವಿಗೆ 0 ಬರೆದರೆ 100. ಮೂರಕ್ಷರದ ಗಣ 8, ಮೂರು ಬಿಟ್‌ನಲ್ಲಿ ಬರೋದೂ 8.

ಅದೇ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ‘ಕವಿರಾಜಮಾರ್ಗ’ವೂ ಬಂತು, ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವೂ ಬಂತು. ಕಾವ್ಯಕ್ಕೂ ಗಣಿತಕ್ಕೂ ನಡುವೆ ಗೋಡೆ ಕಟ್ಟಿದ್ದು ಆಮೇಲಿನವರು.

ಆಡಕಿಯ ಹುಡುಗಿ ಆರ್ಟ್ಸ್ ತಗೊಂಡರೆ ಬುದ್ಧಿ ಕಮ್ಮಿ ಅಂತಲ್ಲ. ಫೀಸು, ಬಸ್ಸು ಎರಡೂ ನೋಡಬೇಕು. ಅವಳಿಗೆ ಅಡ್ಡ ಬರೋದು ತರ್ಕವಲ್ಲ. ಇಂಗ್ಲಿಷಿನ ಎರರ್ ಮೆಸೇಜು, ಬಿ.ಎ. ಅಂತ ಕಂಡ ಕೂಡಲೇ ರೆಸ್ಯೂಮ್ ಪಕ್ಕಕ್ಕಿಡೋ ಜನ. ಡಿಗ್ರಿ ಕೇಳೋ ಬದಲು ಒಂದು ಲೆಕ್ಕ ಕೊಟ್ಟು ನೋಡ್ರಪ್ಪ!

ಬ್ಲಾಗ್ ಗೆಳೆಯರೇ, ನಿಮ್ಮಲ್ಲೂ ಸಾಫ್ಟ್‌ವೇರಿನವರು ಬೇಕಾದಷ್ಟು ಜನ ಇದ್ದೀರಿ. ಲೂಪ್ ಅಂದ್ರೇನು ಅಂತ ಅವಳಿಗೆ ತಿಳಿಯೋ ಹಾಗೆ ಕನ್ನಡದಲ್ಲಿ ಒಂದು ಪೋಸ್ಟ್ ಬರೀರಿ. ಏನಂತೀರಿ?